ಮನೆಯ ಕೂಲರ್ ಡಕ್ಟಿಗೆ ಎಷ್ಟು ದಪ್ಪದ ತಗಡು?

ಕೂಲರಿನ ಗಾಳಿಯನ್ನು ಕೋಣೆಗಳಿಗೆ ಒಯ್ಯುವ ತಗಡಿನ ಕೊಳವೆಗೆ, ಅಂದರೆ ಡಕ್ಟಿಗೆ, ಎಷ್ಟು ದಪ್ಪದ ತಗಡು ಬೇಕು ಅಂತ ಮೂವರನ್ನು ಕೇಳಿದೆ, ಮೂರು ಉತ್ತರ ಬಂತು. ಕಲಬುರಗಿಯ ಕಪನೂರಿನಲ್ಲಿ ದಾಲ್ ಮಿಲ್ಲುಗಳಿಗೆ ತಗಡಿನ ಕೆಲಸ ಮಾಡಿಕೊಡುವ ಮಿಸ್ತ್ರಿ ಚಾಚಾ, "18 ಗೇಜ್ ಹಾಕಿಸು ತಂಗಿ, ಮೊಮ್ಮಕ್ಕಳ ಕಾಲಕ್ಕೂ ಇರ್ತದ" ಅಂದರು. ಕೂಲರ್ ಅಂಗಡಿಯವರು, "ಗಾಳಿ ಹೋಗೋದಕ್ಕ 28 ಗೇಜ್ ಸಾಕ್ರಿ ಮೇಡಂ, ಅದೇನು ನೀರಿನ ಟಾಕಿ ಏನ್ರಿ" ಅಂದರು. ಬೆಂಗಳೂರಿನಲ್ಲಿ ಎಸಿ ಕೆಲಸದಲ್ಲಿರುವ ನನ್ನ ಮೈದುನ, "24 ಹಾಕಿಸ್ರಿ ವೈನಿ" ಅಂದವನೇ ಮೀಟಿಂಗ್ ಇದೆ ಅಂತ ಫೋನ್ ಇಟ್ಟ.

ಗೇಜ್ ಅಂದರೆ ತಗಡಿನ ದಪ್ಪದ ನಂಬರ್, ನಂಬರ್ ದೊಡ್ಡದಾದಷ್ಟೂ ತಗಡು ತೆಳು, ಇಷ್ಟು ಗೊತ್ತಿತ್ತು. 18 ಗೇಜ್ ಅಂದರೆ ನಮ್ಮ ಕಡೆ 1.25 ಮಿ.ಮೀ. 28 ಅಂದರೆ ಹತ್ತಿರ ಹತ್ತಿರ 0.4. ಒಂದೇ ಡಕ್ಟಿಗೆ ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ಮೂರು ಪಟ್ಟು ವ್ಯತ್ಯಾಸ! ಇದರಲ್ಲಿ ಯಾರನ್ನು ನಂಬುವುದು?

ಮೊದಲು ಡಕ್ಟ್ ಯಾಕೆ ಬೇಕಾಯಿತು ಅಂತ ಹೇಳಿಬಿಡುತ್ತೇನೆ. ಕಲಬುರಗಿ ಬೇಸಿಗೆ ಹೊಸದಾಗಿ ವರ್ಣಿಸುವಂಥದ್ದಲ್ಲ. ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ನಮ್ಮಲ್ಲಿ ಹಾಲಿಗೊಂದು, ಎರಡು ಬೆಡ್‌ರೂಮಿಗೆ ಒಂದೊಂದು ಅಂತ ಮೂರು ಕಿಟಕಿ ಕೂಲರ್ ಇದ್ದವು. ಮೂರಕ್ಕೂ ನೀರು ತುಂಬಬೇಕು. ಬೋರ್‌ವೆಲ್ ನೀರು ಗಡಸು, ಹೇಳಿಕೇಳಿ ಸುಣ್ಣಕಲ್ಲಿನ ಸೀಮೆ. ಪ್ಯಾಡುಗಳ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಅದನ್ನು ಕೆರೆಯುವುದು ಮನೆಯ ಹೆಂಗಸರ ಪಾಲಿಗೆ. ಎಸಿ ಗಾಳಿ ಅತ್ತೆಯವರ ಮಂಡಿಗೆ ಆಗಿಬರುವುದಿಲ್ಲ. ಹಾಗಾಗಿ ಮಾಳಿಗೆ ಮೇಲೆ ಒಂದೇ ದೊಡ್ಡ ಕೂಲರ್ ಇಟ್ಟು, ತಗಡಿನ ಡಕ್ಟಿನಲ್ಲಿ ಮೂರೂ ಕಡೆ ಗಾಳಿ ಇಳಿಸೋಣ ಅಂತ ತೀರ್ಮಾನವಾಯಿತು. ನಮ್ಮ ಒಣ ಹವೆಗೆ ಕೂಲರ್ ಹೇಳಿಮಾಡಿಸಿದ್ದು. ಹೊರಗೆ 42 ಡಿಗ್ರಿ, ತೇವಾಂಶ ಶೇಕಡ 20ರಷ್ಟು ಇದ್ದರೆ, ಒಳ್ಳೆಯ ಪ್ಯಾಡ್ ದಾಟಿ ಬರುವ ಗಾಳಿ 27-28 ಡಿಗ್ರಿ ಇರುತ್ತದೆ. ಸಾಕಲ್ವಾ?

ಇಲ್ಲಿ ಒಂದು ಮಾತು. ಎದುರಿಗೆ ಫ್ಯಾನಿನ ರೆಕ್ಕೆ ತಿರುಗುವ ಮಾಮೂಲಿ ಡೆಸರ್ಟ್ ಕೂಲರಿಗೆ ಡಕ್ಟ್ ಜೋಡಿಸಿದರೆ ಪ್ರಯೋಜನವಿಲ್ಲ. ಆ ಫ್ಯಾನಿಗೆ ಉದ್ದದ ಡಕ್ಟಿನಲ್ಲಿ ಗಾಳಿ ದಬ್ಬುವ ತಾಕತ್ತು ಇರುವುದಿಲ್ಲ. ಒಳಗೆ ಬ್ಲೋವರ್ ಇರುವ ಕೂಲರೇ ಬೇಕು. ನಮ್ಮದು 3000 ಸಿಎಫ್‌ಎಂ ಬ್ಲೋವರ್, ಅಂದರೆ ನಿಮಿಷಕ್ಕೆ 3000 ಘನ ಅಡಿ ಗಾಳಿ ದಬ್ಬುವಂಥದ್ದು. 12 ಅಡಿಗೆ 12 ಅಡಿ ಕೋಣೆ, 10 ಅಡಿ ಎತ್ತರ ಅಂದರೆ 1440 ಘನ ಅಡಿ ಗಾಳಿ. ಅದು ಗಂಟೆಗೆ 25 ಸಲ ಬದಲಾಗಬೇಕು ಅಂತ ಲೆಕ್ಕ ಹಿಡಿದರೆ ಒಂದು ಕೋಣೆಗೆ 600 ಸಿಎಫ್‌ಎಂ. ಹಾಲಿಗೆ ಅದರ ಎರಡು ಪಟ್ಟು. ಇದರ ಮೇಲೆ ಮೈದುನ ಮುಖ್ಯ ಡಕ್ಟ್ 24 ಇಂಚಿಗೆ 16 ಇಂಚು, ಕೋಣೆಗೆ ಹೋಗುವ ಕವಲು 12 ಇಂಚಿಗೆ 8 ಇಂಚು ಅಂತ ಗೆರೆ ಎಳೆದು ಕಳಿಸಿದ. ಈ ಅಳತೆ ಗೊತ್ತಾದ ಮೇಲೆಯೇ ತಗಡಿನ ದಪ್ಪದ ಪ್ರಶ್ನೆಗೆ ಅರ್ಥ ಬರುವುದು. ಅದಕ್ಕೆ ಮುಂಚೆ ಯಾರು ಯಾವ ಗೇಜ್ ಹೇಳಿದರೂ ಅದು ಬಾಯಿಮಾತು.

ಯಾಕೆಂದರೆ ದಪ್ಪವನ್ನು ನಿರ್ಧರಿಸುವುದು ಡಕ್ಟಿನ ಅತಿ ಅಗಲದ ಬದಿ. ಮನೆ ಕೂಲರಿನ ಗಾಳಿಗೆ ತಗಡು ಹರಿಯುವಷ್ಟು ಒತ್ತಡವೇನೂ ಇರುವುದಿಲ್ಲ. ತೊಂದರೆ ಬೇರೆ. ಅಗಲವಾದ ಚಪ್ಪಟೆ ತಗಡು ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಬ್ಲೋವರ್ ಶುರುವಾದಾಗ ಢಬ್ ಅಂತ ಉಬ್ಬುತ್ತದೆ, ನಿಂತಾಗ ಢಬ್ ಅಂತ ಒಳಗೆ ಹೋಗುತ್ತದೆ. ಭಾರತೀಯ ಮಾನಕದಲ್ಲಿ, ಅಂದರೆ ಐಎಸ್ 655ರಲ್ಲಿ, ಇದಕ್ಕೆ ಲೆಕ್ಕವೇ ಕೊಟ್ಟಿದ್ದಾರೆ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿನ ಆಯತಾಕಾರದ ಡಕ್ಟಿಗೆ ದೊಡ್ಡ ಬದಿ 750 ಮಿ.ಮೀ.ವರೆಗೆ ಇದ್ದರೆ 0.63 ಮಿ.ಮೀ. ದಪ್ಪ. 751ರಿಂದ 1500ರವರೆಗೆ 0.80. 1501ರಿಂದ 2250ರವರೆಗೆ 1.00. ಅದಕ್ಕೂ ಮೇಲೆ 1.25. ನಮ್ಮ ದೊಡ್ಡ ಬದಿ 24 ಇಂಚು, ಅಂದರೆ 610 ಮಿ.ಮೀ. ಮೊದಲ ಸಾಲಿನಲ್ಲೇ ಬಂತು: 0.63. ಮೈದುನ ಹೇಳಿದ 24 ಗೇಜ್ ಇದೇ. ಚಾಚಾ ಹೇಳಿದ 1.25 ಬೇಕಾಗುವುದು ಏಳೂವರೆ ಅಡಿ ಅಗಲದ ಡಕ್ಟಿಗೆ. ಅದರೊಳಗೆ ನಮ್ಮ ಅತ್ತೆಯವರು ಹಾಸಿಗೆ ಹಾಸಿಕೊಂಡು ಮಲಗಬಹುದು.

ಹಾಗಂತ ಚಾಚಾ ಸುಮ್ನೆ ಹೇಳಿದ್ದಲ್ಲ. ಅವರ ವರ್ಕ್‌ಶಾಪಿಗೆ ಹೋದರೆ ಕಾರಣ ಕಣ್ಣಿಗೇ ಕಾಣುತ್ತದೆ. ಬಾಗಿಲ ಪಕ್ಕದಲ್ಲೇ ಒಂದು ಮಿಲ್ಲಿನಿಂದ ಬಿಚ್ಚಿ ತಂದ ಪೈಪು ಬಿದ್ದಿತ್ತು. ತೊಗರಿ ಜಾರಿ ಬೀಳುವ ಜಾಗ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೊಳೆಯುವ ಜಾಗದ ನಡುವೆ ಒಂದು ತೂತು, ಅಂಚು ಬ್ಲೇಡಿನಷ್ಟು ತೆಳು. "ಕಾಳು ತಿಂದು ಹಾಕ್ಯದ ನೋಡು" ಅಂದರು ಚಾಚಾ. ದಿನಾ ಮೂಟೆಗಟ್ಟಲೆ ತೊಗರಿ ಉಜ್ಜಿಕೊಂಡು ಹೋಗುವ ಕಡೆ ದಪ್ಪ ತಗಡು ಬೇಕೇ ಬೇಕು. ನಮ್ಮ ಡಕ್ಟಿನಲ್ಲಿ ಹೋಗುವುದು ಬರೀ ಗಾಳಿ. ಅದು ತಗಡನ್ನು ಸವೆಸುವುದಿಲ್ಲ.

ಭಾರದ ಲೆಕ್ಕವನ್ನೂ ಅಲ್ಲೇ ಕೂತು ಹಾಕಿದೆವು. ಒಂದು ಮಿ.ಮೀ. ದಪ್ಪದ ತಗಡು ಚದರ ಅಡಿಗೆ ಸುಮಾರು 730 ಗ್ರಾಂ ತೂಗುತ್ತದೆ. ನಮ್ಮ ಮುಖ್ಯ ಡಕ್ಟ್ 30 ಅಡಿ ಉದ್ದ, ಸುತ್ತಳತೆ 80 ಇಂಚು, ಒಟ್ಟು 200 ಚದರ ಅಡಿ. 0.63 ಆದರೆ ತಗಡು 92 ಕೆಜಿ, 1.25 ಆದರೆ 182 ಕೆಜಿ. ಇದರ ಮೇಲೆ ಆಂಗಲ್, ನಟ್ಟು, ಬೋಲ್ಟು ಬೇರೆ. ಇದೆಲ್ಲ ತೂಗಾಡುವುದು ಸ್ಲ್ಯಾಬಿಗೆ ಹೊಡೆದ ಫಾಸ್ಟನರುಗಳ ಮೇಲೆ, ಓಡಾಡುವವರ ತಲೆಯ ಮೇಲೆ. ಚಾಚಾ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಹಂಗಾದ್ರ 24ರಾಗೇ ಮಾಡಮು" ಅಂದರು. ಅಷ್ಟು ಸಲೀಸಾಗಿ ಒಪ್ಪುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ.

ಆದರೆ ಕೆಲಸ ಮೊದಲು ಹೋಗಿದ್ದು ಚಾಚಾ ಕೈಗಲ್ಲ. ಅವರ ಬಳಿ ಆಗ ಮಿಲ್ಲುಗಳ ಸೀಸನ್ ಕೆಲಸ ತುಂಬಿತ್ತು. ಬೇರೊಬ್ಬ ಗುತ್ತಿಗೆದಾರರು ಚದರ ಅಡಿ ರೇಟಿನಲ್ಲಿ "24 ಗೇಜ್ ಜಿಐ" ಅಂತ ಕೊಟೇಶನ್ ಕೊಟ್ಟರು. ತಗಡು ಮನೆಗೆ ಬಂದು ಇಳಿಯಿತು. ಹೊಳೆಯುವ, ಹೂವು ಹೂವಿನ ಚಿತ್ತಾರದ ಸತುವಿನ ಲೇಪ, ನೋಡಲು ಚಂದವೇ. ನಮ್ಮ ಮನೆಯವರು ಕಾಲೇಜಿನ ಲ್ಯಾಬಿನಿಂದ ಮೈಕ್ರೋಮೀಟರ್ ತಂದಿದ್ದರು. ಅಂಚಿನಲ್ಲಿ ಕತ್ತರಿಸಿದ ಜುಂಗು ಇರುತ್ತದೆ, ಅಲ್ಲಿ ಅಳೆದರೆ ಸುಳ್ಳು ಹೇಳುತ್ತದೆ. ಒಂದು ಇಂಚು ಒಳಗೆ ಹಿಡಿದು, ಹಿಂದಿನ ಗುಬ್ಬಿ ಕಟ್ ಕಟ್ ಅನ್ನುವವರೆಗೆ ತಿರುಗಿಸಿದರು. 0.52. ಇನ್ನೊಂದು ಮೂಲೆ, 0.53. ಬೇರೆ ಶೀಟು, ಮತ್ತೆ 0.52.

ಗುತ್ತಿಗೆದಾರರ ಮುಖದಲ್ಲಿ ಏನೂ ಬದಲಾಗಲಿಲ್ಲ. "ಇದೂ 24 ಗೇಜೇ ಸರ್" ಅಂದರು. ಅವರ ಮಾತು ಪೂರ್ತಿ ಸುಳ್ಳು ಅನ್ನಲೂ ಬರುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಗೇಜ್ ಅನ್ನುವುದು ಒಂದೇ ಅಳತೆ ಅಲ್ಲ. ಬ್ರಿಟಿಷರ ವೈರ್ ಗೇಜಿನಲ್ಲಿ 24 ಅಂದರೆ 0.56 ಮಿ.ಮೀ. ಅಮೆರಿಕದ ಜಿಐ ತಗಡಿನ ಗೇಜಿನಲ್ಲಿ ಅದೇ 24 ಅಂದರೆ 0.70. ನಮ್ಮ ಡಕ್ಟ್ ಕೆಲಸದವರ ರೂಢಿಯಲ್ಲಿ 0.63. ತೆಳುವಾದದ್ದನ್ನು ಕೊಡಬೇಕು ಅಂತಿದ್ದವರಿಗೆ 24 ಅನ್ನುವ ನಂಬರ್ ಒಳಗೇ ಬೇಕಾದಷ್ಟು ಜಾಗ ಇದೆ. ಅಮೆರಿಕದ ಮನೆಗಳಲ್ಲಿ 28, 30 ಗೇಜಿನ ಡಕ್ಟೂ ಇರುತ್ತದೆ ಅಂತ ಯಾರಾದರೂ ವಿಡಿಯೋ ತೋರಿಸಿದರೆ, ಅಲ್ಲಿ ಸಣ್ಣ ಸಣ್ಣ ದುಂಡು ಪೈಪುಗಳು ಜಾಸ್ತಿ ಅನ್ನುವುದನ್ನೂ ನೋಡಬೇಕು. ದುಂಡಾಗಿ ಸುತ್ತಿದ ತಗಡು ತಾನಾಗಿಯೇ ಗಟ್ಟಿ. ಅದಕ್ಕೆ ತೆಳು ಸಾಕಾಗುತ್ತದೆ.

ಮೈಕ್ರೋಮೀಟರ್ ಎಲ್ಲರ ಬಳಿ ಇರುವುದಿಲ್ಲ. ತಕ್ಕಡಿ ಎಲ್ಲ ಅಂಗಡಿಯಲ್ಲೂ ಇರುತ್ತದೆ. 8 ಅಡಿಗೆ 4 ಅಡಿ ಶೀಟು 0.63 ಇದ್ದರೆ 14.7 ಕೆಜಿ ತೂಗಬೇಕು. 0.50 ಇದ್ದರೆ 11.7 ಕೆಜಿ. ಮೂರು ಕೆಜಿ ವ್ಯತ್ಯಾಸ ಎತ್ತಿದರೇ ಕೈಗೆ ಗೊತ್ತಾಗುತ್ತದೆ. ನಾವು ಒಂದು ಶೀಟನ್ನು ಪಕ್ಕದ ಗುಜರಿ ಅಂಗಡಿಯ ಕಾಟಾದ ಮೇಲೆ ಇಟ್ಟೆವು. ಹನ್ನೆರಡು ಕೆಜಿ ಮೇಲೆ ಸ್ವಲ್ಪ, ಹದಿನಾಲ್ಕಂತೂ ಮುಟ್ಟಲಿಲ್ಲ. ಆ ಶೀಟುಗಳು ವಾಪಸ್ ಹೋದವು. ಮುಂಗಡ ಹಣ ವಾಪಸ್ ಬರುವುದಕ್ಕೆ ಮಾತ್ರ ಬೇಕಾದಷ್ಟು ಫೋನ್ ಮಾಡಬೇಕಾಯಿತು.

ರೇಟಿನ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಚದರ ಅಡಿ ಲೆಕ್ಕದಲ್ಲಿ ಕೆಲಸ ಕೊಟ್ಟರೆ ತಗಡು ತೆಳುವಾದಷ್ಟೂ ಮಾಡುವವರಿಗೆ ಲಾಭ. ಕೆಜಿ ಲೆಕ್ಕದಲ್ಲಿ ಕೊಟ್ಟರೆ ದಪ್ಪವಾದಷ್ಟೂ ಲಾಭ. ಮಿಲ್ ಕೆಲಸದವರು ಕೆಜಿ ಲೆಕ್ಕದವರು, ಅವರ ಬಾಯಲ್ಲಿ 18 ಬರುತ್ತದೆ. ಕೂಲರ್ ಬಾಡಿ ಮಾಡುವವರು ಒಂದು ನಗಕ್ಕೆ ಇಷ್ಟು ಅನ್ನುವ ಲೆಕ್ಕದವರು, ಅವರ ಬಾಯಲ್ಲಿ 28. ಇದರಲ್ಲಿ ಯಾರದೂ ಕೆಟ್ಟ ಬುದ್ಧಿ ಅಂತ ನಾನು ಹೇಳುವುದಿಲ್ಲ. ಆದರೆ ಸಲಹೆ ಕೇಳುವಾಗ ಅವರು ಬಿಲ್ ಹೇಗೆ ಹಾಕುತ್ತಾರೆ ಅಂತ ತಿಳಿದುಕೊಂಡರೆ ಅರ್ಧ ಗೊಂದಲ ಕಡಿಮೆ. ಎರಡನೇ ಸಲ ನಾವು ಚದರ ಅಡಿ ರೇಟನ್ನೇ ಇಟ್ಟುಕೊಂಡು, ಕಾಗದದ ಮೇಲೆ "0.63 ಮಿ.ಮೀ., ಅಳೆದು ತಗೊಳ್ಳುತ್ತೇವೆ" ಅಂತ ಬರೆಸಿದೆವು. ಗೇಜ್ ಅನ್ನುವ ಮಾತೇ ಬರೆಯಲಿಲ್ಲ.

ಅಷ್ಟು ಹೊತ್ತಿಗೆ ಚಾಚಾ ಬಿಡುವಾಗಿದ್ದರು. ಕೆಲಸ ಅವರಿಗೇ ಹೋಯಿತು.

ಒಂದು ಶೀಟಿಗೆ ನಾಲ್ಕು ಅಡಿಯ ಒಂದು ತುಂಡು ಡಕ್ಟ್. 96 ಇಂಚು ಉದ್ದದಲ್ಲಿ 80 ಇಂಚು ಸುತ್ತಿಗೆ, ಎರಡು ಇಂಚಿನಷ್ಟು ಮೂಲೆಯ ಲಾಕಿಗೆ. ಉಳಿದ ಪಟ್ಟಿಯಿಂದ ಕವಲುಗಳನ್ನು ಜೋಡಿಸುವ ಕ್ಲೀಟುಗಳನ್ನು ಮಾಡಿದರು. ಚೂರೂ ಬಿಸಾಡಲಿಲ್ಲ. ಲಾಕ್ ಅಂದರೆ ಒಂದು ಅಂಚನ್ನು ಜೇಬಿನಂತೆ ಮಡಿಸಿ, ಇನ್ನೊಂದು ಅಂಚನ್ನು ಅದರೊಳಗೆ ತೂರಿಸಿ, ಮೇಲೆ ಉಳಿದ ಅಂಚನ್ನು ಮರದ ಸುತ್ತಿಗೆಯಿಂದ ಬಡಿದು ಮಲಗಿಸುವುದು. 0.63 ತಗಡು ಆ ಏಟಿಗೆ ಮಾತು ಕೇಳುತ್ತದೆ. 18 ಗೇಜ್ ಆಗಿದ್ದರೆ ಕೈಯಲ್ಲಿ ಈ ಲಾಕ್ ಕಷ್ಟ, ವೆಲ್ಡಿಂಗೇ ಮಾಡಬೇಕಾಗುತ್ತಿತ್ತು. ವೆಲ್ಡಿಂಗ್ ಮಾಡಿದ ಕಡೆ ಸತು ಸುಟ್ಟುಹೋಗುತ್ತದೆ, ಕೂಲರಿನ ತೇವದ ಗಾಳಿಗೆ ತುಕ್ಕು ಶುರುವಾಗುವುದು ಅಲ್ಲಿಂದಲೇ. ಸತುವಿನ ಹೊಗೆ ಕೆಲಸದವರ ಎದೆಗೂ ಒಳ್ಳೆಯದಲ್ಲ. ನಮ್ಮದರಲ್ಲಿ ಎಲ್ಲಾ ಲಾಕು, ರಿವೆಟ್ಟು, ಮೇಲೆ ಸಿಲಿಕಾನ್.

ಮಡಿಸುವುದಕ್ಕೆ ಮುಂಚೆ ಚಾಚಾ ಪ್ರತಿ ಅಗಲದ ಬದಿಗೂ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು, ಬೆಂಡಿಂಗ್ ಮಶೀನಿನಲ್ಲಿ ಒಂದು ಚೂರು ಮಾತ್ರ ಒತ್ತಿದರು. ಚಪ್ಪಟೆಯಾಗಿದ್ದ ತಗಡು ನಡುವೆ ಕೆಲವೇ ಮಿ.ಮೀ. ಉಬ್ಬಿ ನಿಂತಿತು. ನನಗೆ ಕೈಯಿಂದ ಒತ್ತಿ ನೋಡು ಅಂದರು. ಹೀಗೆ ಕ್ರಾಸ್ ಬೆಂಡ್ ಆಗದ ಶೀಟು ಹೆಬ್ಬೆರಳಿಗೆ ಟಕ್ ಅಂತ ಒಳಗೆ ಹೋಗಿ ಬಂತು. ಬೆಂಡ್ ಆದದ್ದು ಅಲುಗಲೇ ಇಲ್ಲ. ಅದೇ ತಗಡು, ಅದೇ ದಪ್ಪ. ಸದ್ದಿನ ಭಯಕ್ಕೆ ದಪ್ಪ ತಗಡು ಹಾಕಿಸುವವರು ಮೊದಲು ಈ ಎರಡು ಗೆರೆ ಹಾಕಿಸಿ ನೋಡಬೇಕು. ಖರ್ಚು ಅಂದರೆ ಮಶೀನಿನ ಎರಡು ಒತ್ತು.

ಎಲ್ಲ ಕಡೆಯೂ 0.63 ಅಂತ ನಾನು ಹಟ ಹಿಡಿಯಲಿಲ್ಲ. ಮಾಳಿಗೆ ಮೇಲೆ ಕೂಲರಿನಿಂದ ಹೊರಟು ಕೆಳಗೆ ಇಳಿಯುವವರೆಗಿನ ಎಂಟು ಅಡಿಗೆ 0.80 ಹಾಕಿಸಿದೆವು. ಅದು ಅತ್ತೆಯವರ ಒತ್ತಾಯ. "ಮಂಗ್ಯಾ ಬಂದು ಕುಂತ್ರ ಏನ್ಮಾಡ್ತಿ? ಸಂಡಿಗಿ ಒಣಗಾಕಂದ್ರ ಓಡಿ ಬರ್ತಾವ" ಅಂದರು. ಪುಸ್ತಕದಲ್ಲಿ ಮಂಗಕ್ಕೆ ಕೋಷ್ಟಕ ಇಲ್ಲ, ಆದರೆ ಅವರ ಮಾತು ಸರಿ. ಅಲ್ಲಿ ಗಾಳಿಯ ಲೆಕ್ಕದ ಜೊತೆ ಮೈಮೇಲೆ ಬೀಳುವ ಭಾರದ ಲೆಕ್ಕವೂ ಸೇರುತ್ತದೆ. ಬಟ್ಟೆ ಒಣಹಾಕಲು ಹೋದವರು ಕಾಲಿಟ್ಟೇ ಇಡುತ್ತಾರೆ.

ದಪ್ಪ ತಗಡು ಬಿಸಿಲನ್ನು ತಡೆಯುತ್ತದೆ ಅಂತ ಹೇಳಿದವರೂ ಇದ್ದರು. ಅದು ಸರಿಯಲ್ಲ. ಕಬ್ಬಿಣ ಅರ್ಧ ಮಿ.ಮೀ. ಇರಲಿ, ಒಂದೂಕಾಲು ಇರಲಿ, ಶಾಖ ಎರಡರಲ್ಲೂ ಒಂದೇ ಥರ ದಾಟುತ್ತದೆ. ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಬರಿ ತಗಡನ್ನು ಮುಟ್ಟಿದವರಿಗೆ ಇದು ಗೊತ್ತು. ತಡೆಯುವುದು ಮೇಲೆ ಸುತ್ತುವ ಇನ್ಸುಲೇಷನ್. ಮಾಳಿಗೆಯ ಭಾಗಕ್ಕೆ ನೈಟ್ರೈಲ್ ರಬ್ಬರ್ ಸುತ್ತಿ, ಅದು ಬಿಸಿಲಿಗೆ ಸೀಳದಂತೆ ಮೇಲೊಂದು ತೆಳು ಅಲ್ಯೂಮಿನಿಯಂ ಹೊದಿಕೆ ಹಾಕಿಸಿದೆವು. 18 ಗೇಜ್ ಬಿಟ್ಟಿದ್ದರಿಂದ ಉಳಿದ ದುಡ್ಡು ಹೋಗಿದ್ದು ಇಲ್ಲಿಗೆ, ಇನ್ನಷ್ಟು ಸತುವಿಗೆ.

ಸತುವಿನ ಮಾತು ಯಾಕೆಂದರೆ, ಎಸಿ ಡಕ್ಟಿಗಿಂತ ಕೂಲರ್ ಡಕ್ಟಿಗೆ ತುಕ್ಕಿನ ಕಾಟ ಜಾಸ್ತಿ. ಜಿಐ ಶೀಟಿನಲ್ಲಿ 120 ಜಿಎಸ್‌ಎಂ, 275 ಜಿಎಸ್‌ಎಂ ಅಂತ ಬರುತ್ತದೆ. ಒಂದು ಚದರ ಮೀಟರಿಗೆ ಎರಡೂ ಬದಿ ಸೇರಿ ಅಷ್ಟು ಗ್ರಾಂ ಸತು ಅಂತ ಅರ್ಥ. 120ರಲ್ಲಿ ಒಂದೊಂದು ಬದಿಗೆ ಎಂಟು ಮೈಕ್ರಾನಿನ ಆಸುಪಾಸು, 275ರಲ್ಲಿ ಇಪ್ಪತ್ತರ ಹತ್ತಿರ. ಕೂಲರಿಗೆ ಹತ್ತಿರವಿರುವ ತುಂಡುಗಳಿಗೆ ನಾವು 275 ಕೇಳಿ ತರಿಸಿದೆವು. ತಗಡು ಎರಡು ಪಟ್ಟು ದಪ್ಪ ಇದ್ದು ಲೇಪ ತೆಳುವಾಗಿದ್ದರೆ ತುಕ್ಕು ಬೇಗ ಬರುತ್ತದೆ, ಆಮೇಲೆ ಅದು ತಿನ್ನುವುದಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತದೆ ಅಷ್ಟೇ. ಮೊದಲ ತುಂಡನ್ನು ಕೂಲರ್ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟು ಕೂರಿಸಿದರು. ಪ್ಯಾಡಿನಿಂದ ಹಾರಿ ಬಂದ ಹನಿ ಅಲ್ಲೇ ವಾಪಸ್ ಟಾಕಿಗೆ ಹರಿಯುತ್ತದೆ. ಕೂಲರಿಗೂ ಡಕ್ಟಿಗೂ ನಡುವೆ ಕ್ಯಾನ್ವಾಸ್ ಪಟ್ಟಿ. ಇಲ್ಲದಿದ್ದರೆ ಬ್ಲೋವರಿನ ನಡುಕವೆಲ್ಲ ತಗಡಿನೊಳಗೆ ಇಳಿಯುತ್ತದೆ, ಆಗ ಯಾವ ದಪ್ಪವೂ ಕಾಪಾಡುವುದಿಲ್ಲ.

ಶುರು ಮಾಡಿದ ದಿನ ಒಂದು ಕಡೆ ಮಾತ್ರ ಢಬ್ ಅಂತು. ಹಾಲಿಗೆ ಕವಲು ಹೊರಡುವ ಜಾಗ. ಅಲ್ಲಿ ತೂತು ಕೊರೆಯಬೇಕಿದ್ದರಿಂದ ಆ ಬದಿಗೆ ಕ್ರಾಸ್ ಬೆಂಡ್ ಹಾಕಲು ಬರುವುದಿಲ್ಲ. ಚಾಚಾ ಏಣಿ ಹತ್ತಿ, ಅಂಗೈಯಿಂದ ತಟ್ಟುತ್ತಾ ಕಿವಿಗೊಟ್ಟು ಸದ್ದಿನ ನಡುಭಾಗ ಹುಡುಕಿದರು. ಒಂದು ಇಂಚಿನ ಆಂಗಲನ್ನು ಅಡ್ಡಕ್ಕೆ ಇಟ್ಟು ರಿವೆಟ್ ಹೊಡೆದರು. ಸದ್ದು ನಿಂತಿತು. ಕಿಟಕಿ ಎರಡು ಬೆರಳಷ್ಟು ತೆರೆದೇ ಇಡಬೇಕು, ಇಲ್ಲದಿದ್ದರೆ ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಸೆಕೆ ಶುರುವಾಗುತ್ತದೆ. ಇದನ್ನು ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಎಸಿ ರೂಢಿಯಾದವರು ಬಂದ ಕೂಡಲೇ ಕಿಟಕಿ ಮುಚ್ಚುತ್ತಾರೆ.

ಈಗ ಎದುರು ಮನೆಯ ಮೇಷ್ಟ್ರು ತಮ್ಮ ಹಾಲಿಗೂ ಮಾಡಿಸುತ್ತಿದ್ದಾರೆ. ನಮ್ಮದನ್ನು ನೋಡಿಕೊಂಡು ಹೋಗಿ "0.63 ಬರೆದುಬಿಡ್ರಿ" ಅಂದರು. ಅವರ ಡಕ್ಟ್ 36 ಇಂಚಿಗೆ 16. 36 ಇಂಚು ಅಂದರೆ 914 ಮಿ.ಮೀ., 750 ದಾಟಿತು. ಅಲ್ಲಿ 0.80 ಹಾಕಬೇಕು. ಇಲ್ಲವೇ 28 ಇಂಚಿಗೆ 20 ಮಾಡಿಕೊಂಡರೆ ಗಾಳಿಯ ಜಾಗ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ, ಅಗಲ 711ಕ್ಕೆ ಇಳಿಯುತ್ತದೆ, 0.63 ಸಾಕಾಗುತ್ತದೆ. ಆದರೆ ಫಾಲ್ಸ್ ಸೀಲಿಂಗ್ ನಾಲ್ಕು ಇಂಚು ಕೆಳಗೆ ಬರುತ್ತದೆ. ಮೇಷ್ಟ್ರಿಗೆ ತಗಡು ಉಳಿಸುವ ಆಸೆ, ಅವರ ಮನೆಯವರಿಗೆ ಸೀಲಿಂಗ್ ಎತ್ತರ ಇರಲಿ ಅಂತ. ನಿನ್ನೆ ಸಂಜೆ ಟೇಪ್ ಹಿಡಿದುಕೊಂಡು ನಿಂತಿದ್ದರು, ಇನ್ನೂ ಒಮ್ಮತ ಆಗಿಲ್ಲ.